ತಮ್ಮನ ಕಾರಿನ ಪಾಠಾಂತರ

"ಅಕ್ಕ, ಇದೇ ನೋಡು ನನ್ನ ಕಾರು" ಎಂದು ತಮ್ಮ ಲ್ಯಾಪ್‌ಟಾಪಿನ ಪರದೆಯತ್ತ ಬೆರಳು ಮಾಡಿದ. ಪರದೆಯ ಮೇಲೆ ಕಾರು ಇರಲಿಲ್ಲ. ಅಡ್ಡಕ್ಕೂ ಉದ್ದಕ್ಕೂ ಮನೆ ಕೊರೆದ ಒಂದು ಕೋಷ್ಟಕ, ಮನೆಮನೆಯಲ್ಲೂ ಒಂದೊಂದು ಅಂಕಿ. ನಿಜವಾದ ಕಾರು ನಮ್ಮ ಬೆನ್ನ ಹಿಂದೆ ಬಾನೆಟ್ ತೆರೆದುಕೊಂಡು, ಬ್ಯಾಟರಿಗೆ ಚಾರ್ಜರ್ ಕಚ್ಚಿಸಿಕೊಂಡು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡವರ ಹಾಗೆ ನಿಂತಿತ್ತು. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿನಿಂದ ಹೊರಟ ಒಂದು ಕೇಬಲ್ಲು ಕಿಟಕಿ ದಾಟಿ ಲ್ಯಾಪ್‌ಟಾಪಿಗೆ ಬಂದು ಸೇರಿತ್ತು.

ಎರಡು ವರ್ಷದ ಹಿಂದಿನ ಮಾತು. ಚಾಮರಾಜಪೇಟೆಯ ಹಿರಿಯರೊಬ್ಬರ ಮನೆಯಲ್ಲಿದ್ದ ಓಲೆಗರಿ ಕಟ್ಟೊಂದನ್ನು ನೋಡಲು ನಾನು ಮೈಸೂರಿನಿಂದ ಬೆಂಗಳೂರಿಗೆ ಬಂದಿದ್ದೆ. ನನ್ನ ಪಿಎಚ್.ಡಿ. ಕೆಲಸ ಒಂದು ಅಪ್ರಕಟಿತ ಸಾಂಗತ್ಯ ಕಾವ್ಯದ ಸಂಪಾದನೆ. ಸಿಕ್ಕಿರುವ ಮೂರು ಓಲೆ ಪ್ರತಿಗಳನ್ನು ಕ, ಖ, ಗ ಎಂದು ಹೆಸರಿಸಿ, ಸಾಲು ಸಾಲನ್ನೂ ಹೋಲಿಸಿ, ಯಾವುದು ಕವಿ ಬರೆದದ್ದಿರಬಹುದು, ಯಾವುದು ನಕಲು ಮಾಡಿದವನ ಕೈತಪ್ಪು ಎಂದು ತೀರ್ಮಾನಿಸುವ ಕೆಲಸ. "ಮಧ್ಯಾಹ್ನ ಒಳ್ಳೆ ಊಟ ಕೊಡಿಸ್ತೀನಿ, ಅದಕ್ಕೂ ಮುಂಚೆ ಅರ್ಧ ಗಂಟೆ ಒಂದು ಕಡೆ ಹೋಗೋದಿದೆ" ಎಂದ ತಮ್ಮ ನನ್ನನ್ನು ಕರೆದುಕೊಂಡು ಬಂದದ್ದು ಮೈಸೂರು ರಸ್ತೆಯ ಪಕ್ಕದ ಈ ಗ್ಯಾರೇಜಿಗೆ. ಅರ್ಧ ಗಂಟೆ ಮೂರು ಗಂಟೆಯಾಯಿತು. ಊಟ ಸಂಜೆಗೆ ಹೋಯಿತು.

ಗ್ಯಾರೇಜಿನವರು ನನ್ನ ವಯಸ್ಸಿನವರೇ. ಕೈಗೆ ಗ್ರೀಸ್ ಇರಲಿಲ್ಲ, ಕಣ್ಣಿಗೆ ದಪ್ಪ ಕನ್ನಡಕ ಇತ್ತು. ಅವರನ್ನು ಎಲ್ಲರೂ ಟ್ಯೂನರ್ ಎಂದೇ ಕರೆಯುತ್ತಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ, "ಯಾವ ಪೆಟ್ರೋಲ್ ಹಾಕಿಸ್ತೀರಾ?"

"ಯಾವಾಗಲೂ 95 ಆಕ್ಟೇನೇ" ಅಂದ ತಮ್ಮ.

ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಅವನು ಯಾವ ಬಂಕ್ ಸಿಕ್ಕರೆ ಅಲ್ಲಿ, ಯಾವ ಪೆಟ್ರೋಲ್ ಇದ್ದರೆ ಅದನ್ನು ಹಾಕಿಸುವವನು. ಹೊಸ ಜಾಗದಲ್ಲಿ ತಮ್ಮನ ಮರ್ಯಾದೆ ಏಕೆ ತೆಗೆಯಲಿ ಎಂದು ಸುಮ್ಮನಿದ್ದೆ. ಈ ಸುಮ್ಮನಿದ್ದದ್ದನ್ನು ಓದುಗರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರಿನ ಬಗ್ಗೆ ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಅದರ ಬಣ್ಣ ಮಾತ್ರ. ಟ್ಯೂನರ್ ಬೇಸರವಿಲ್ಲದೆ ವಿವರಿಸಿದರು. ಹಿಂದೆ ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಒಂದು ತಂತಿ ಹೋಗುತ್ತಿತ್ತು. ಕಾಲು ಒತ್ತಿದಷ್ಟು ತಂತಿ ಎಳೆಯುತ್ತಿತ್ತು, ತಂತಿ ಎಳೆದಷ್ಟು ಗಾಳಿಯ ಬಾಗಿಲು ತೆರೆಯುತ್ತಿತ್ತು. ಈಗ ಆ ತಂತಿ ಇಲ್ಲ. ಪೆಡಲಿನ ಬುಡದಲ್ಲಿ ಒಂದು ಸೆನ್ಸರ್ ಇರುತ್ತದೆ. ಕಾಲು ಎಷ್ಟು ಕೆಳಗೆ ಹೋಯಿತು ಎಂಬ ವರದಿಯನ್ನು ಅದು ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೆ ಕಳಿಸುತ್ತದೆ. ಈ ಹೊತ್ತಿಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲ್, ಕಿಡಿ ಯಾವ ಕ್ಷಣಕ್ಕೆ, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದು. ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತ ಕೂರುವುದಿಲ್ಲ. ನಾವು ಚಿಕ್ಕವರಿದ್ದಾಗ ಏಳೆಂಟಲ ಎಷ್ಟು ಅಂದರೆ ಮಗ್ಗಿ ಪುಸ್ತಕ ತೆರೆಯುತ್ತಿದ್ದೆವಲ್ಲ, ಹಾಗೆ ಅದರ ಬಳಿಯೂ ಮಗ್ಗಿ ಪುಸ್ತಕಗಳಿವೆ. ಒಂದು ಕಡೆ ಎಂಜಿನ್ನಿನ ಸುತ್ತು, ಇನ್ನೊಂದು ಕಡೆ ಅದರ ಮೇಲಿನ ಹೊರೆ. ಎರಡೂ ಕೂಡುವ ಮನೆಯಲ್ಲಿ ಉತ್ತರ. ಆ ಕೋಷ್ಟಕಗಳಿಗೆ ಮ್ಯಾಪ್ ಎಂದು ಹೆಸರು. ಆ ಅಂಕಿಗಳನ್ನು ತಿದ್ದಿ ಮತ್ತೆ ಬರೆಯುವುದೇ ರೀಮ್ಯಾಪ್.

"ಮೊದಲು ಏನಿದೆಯೋ ಅದನ್ನ ಪೂರ್ತಿ ಓದಿ, ಒಂದು ಕಾಪಿ ತೆಗೆದಿಡಬೇಕು ಮೇಡಂ. ಮೂಲ ಫೈಲ್ ಇಲ್ಲದೆ ಕೈ ಹಾಕಬಾರದು" ಅಂದರು. ಆ ಕ್ಷಣದಿಂದ ಅವರು ನಮ್ಮವರು ಅನ್ನಿಸಿಬಿಟ್ಟಿತು. ಮೂಲ ಪ್ರತಿಯನ್ನು ಹಾಗೇ ಉಳಿಸಿಕೊಂಡು, ನಕಲಿನ ಮೇಲೆ ಮಾತ್ರ ಕೈಯಾಡಿಸಬೇಕು ಎನ್ನುವುದು ನಮ್ಮ ಮೇಷ್ಟರು ಮೊದಲ ವರ್ಷ ಹೇಳಿಕೊಟ್ಟ ಪಾಠ.

ಇನ್ನೊಂದು ಸಂಗತಿಯೂ ಹಾಗೆಯೇ ಹತ್ತಿರ ಬಂತು. ಅಂಕಿ ತಿದ್ದಿದ ಮೇಲೆ ಚೆಕ್‌ಸಮ್ ಸರಿಮಾಡಬೇಕಂತೆ. ಫೈಲಿನ ಅಂಕಿಗಳನ್ನೆಲ್ಲ ಒಂದು ಸೂತ್ರದಲ್ಲಿ ಕೂಡಿ ಬಂದ ಮೊತ್ತವನ್ನು ಫೈಲಿನಲ್ಲೇ ಒಂದು ಕಡೆ ಬರೆದಿಟ್ಟಿರುತ್ತಾರೆ. ಒಳಗೆ ಯಾವುದೋ ಅಂಕಿ ಬದಲಾಗಿದ್ದರೆ ಮೊತ್ತ ತಾಳೆಯಾಗುವುದಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲೂ ಕೊನೆಗೆ ಇಷ್ಟು ಸಂಧಿ, ಇಷ್ಟು ಪದ್ಯ ಎಂದು ಎಣಿಸಿ ಬರೆದಿಡುವುದುಂಟು. ನಡುವೆ ಯಾರಾದರೂ ಸೇರಿಸಿದರೆ, ಕಳೆದರೆ, ಲೆಕ್ಕದಲ್ಲಿ ಸಿಕ್ಕಿಬೀಳಲಿ ಎಂದು. ಟ್ಯೂನರ್ ಒಂದು ಕೀಲಿ ಒತ್ತಿ ಲೆಕ್ಕವನ್ನೂ ಹೊಸ ಅಂಕಿಗಳಿಗೆ ಹೊಂದಿಸಿಬಿಟ್ಟರು. ನಮ್ಮ ಕಡೆ ಅಷ್ಟು ಸಲೀಸಾಗಿ ಆಗುವುದಿಲ್ಲ.

ಬರೆಯುವ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ. ನಡುವೆ ಕರೆಂಟ್ ತಪ್ಪಿದರೆ ಇಸಿಯು ಅರ್ಧ ಹಳತು ಅರ್ಧ ಹೊಸತಾಗಿ ಕಾರು ಸ್ಟಾರ್ಟ್ ಆಗದೆ ಹೋಗಬಹುದು. ಬ್ಯಾಟರಿಗೆ ಚಾರ್ಜರ್ ಕಚ್ಚಿಸಿದ್ದು ಅದಕ್ಕೆ. ಆಮೇಲೆ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ನಿಂತಲ್ಲೇ ಓಡಿಸಿದರು. ಡೈನೊ ಎಂಬ ಆ ಯಂತ್ರ ಒಂದು ಕಾಗದ ಕೊಟ್ಟಿತು. ಕೆಳಗಿನ ಗೆರೆ ಮೊದಲಿನದು, ಮೇಲಿನ ಗೆರೆ ಈಗಿನದು. ಒಂದು ಲೀಟರಿನ ಮೂರು ಸಿಲಿಂಡರಿನ ಟರ್ಬೊ ಎಂಜಿನ್ನು; ಬ್ರೋಶರಿನಲ್ಲಿ 110 ಅಶ್ವಶಕ್ತಿ ಎಂದಿದ್ದದ್ದು ಈ ಕಾಗದದಲ್ಲಿ 132 ಆಗಿತ್ತು. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಹೀಗೆ ಬರೀ ಸಾಫ್ಟ್‌ವೇರ್ ತಿದ್ದಿದರೆ ಸ್ಟೇಜ್ ಒನ್, ಎಕ್ಸಾಸ್ಟ್ ಮೊದಲಾದ ಭಾಗಗಳನ್ನೂ ಬದಲಿಸಿದರೆ ಸ್ಟೇಜ್ ಟೂ, ಟರ್ಬೊವನ್ನೇ ಬದಲಿಸಿದರೆ ಸ್ಟೇಜ್ ತ್ರೀ. ತಮ್ಮ ಇಪ್ಪತ್ತೆಂಟು ಸಾವಿರ ಕೊಟ್ಟು ಆ ಕಾಗದವನ್ನು ಮಡಿಸದೆ ಫೈಲಿಗೆ ಹಾಕಿಕೊಂಡ. ಅವನ ಬಿ.ಇ. ಸರ್ಟಿಫಿಕೇಟನ್ನೂ ಅವನು ಅಷ್ಟು ಜೋಪಾನ ಮಾಡಿದವನಲ್ಲ.

ಸಂಜೆ ನನ್ನನ್ನು ಮೈಸೂರಿಗೆ ಬಿಡಲು ಅವನೇ ಹೊರಟ. ಕಾರಣ ಅಕ್ಕನ ಮೇಲಿನ ಪ್ರೀತಿಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿ, ತಲೆಯ ಮೇಲೆ ಕ್ಯಾಮೆರಾ. ಕೊಂಡು ತಂದ ಇಪ್ಪತ್ತೆರಡು ಕುದುರೆಗಳನ್ನು ಕಟ್ಟಿಹಾಕಿಕೊಂಡು 98ರಲ್ಲಿ ಹೋದೆವು. ಮದ್ದೂರಿನ ಬಳಿ ವಡೆ ತಿನ್ನಲು ಸರ್ವಿಸ್ ರಸ್ತೆಗೆ ಇಳಿದಾಗ, ಮುಂದೆ ಯಾರೂ ಇಲ್ಲದ ಒಂದು ತುಂಡು ಸಿಕ್ಕಿತು. ಗೇರ್ ಲಿವರನ್ನು ಹಿಂದಕ್ಕೆಳೆದು ಎಸ್ ಎಂಬಲ್ಲಿ ನಿಲ್ಲಿಸಿ ಕಾಲು ಒತ್ತಿದ. ಬೆನ್ನು ಸೀಟಿಗೆ ಅಂಟಿತು. ಹೊಟ್ಟೆಯಲ್ಲಿ ಜಾತ್ರೆಯ ತೊಟ್ಟಿಲು ಇಳಿದ ಹಾಗಾಯಿತು. ನಾನು ಬೈಯಬೇಕಿತ್ತು. "ಇನ್ನೊಂದು ಸಲ" ಅಂದೆ. ಅದನ್ನೂ ಇಲ್ಲಿ ಬರೆಯಲೇಬೇಕು.

ವಡೆ ತಿನ್ನುತ್ತ ಕೇಳಿದೆ, "ಮೊದಲೂ ಎಸ್ ಇತ್ತಲ್ಲ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?" ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸ್ಪೋರ್ಟ್ ಮೋಡ್ ಅವನ ಕಾರಿನ ಗರಿಷ್ಠ ಶಕ್ತಿಗೆ ಏನನ್ನೂ ಸೇರಿಸುವುದಿಲ್ಲ. ಬಹಳಷ್ಟು ಮಾಮೂಲು ಕಾರುಗಳಲ್ಲೂ ಹಾಗೆಯೇ. ಅದು ಬದಲಿಸುವುದು ಕಾರು ಉತ್ತರ ಕೊಡುವ ಗತ್ತನ್ನು. ಸಾಧಾರಣ ಮೋಡಿನಲ್ಲಿ ಕಾಲು ಸ್ವಲ್ಪ ಒತ್ತಿದರೆ ಸ್ವಲ್ಪವೇ ಕೊಡುತ್ತದೆ. ಸ್ಪೋರ್ಟಿನಲ್ಲಿ ಅಷ್ಟೇ ಒತ್ತಿದರೆ ಹೆಚ್ಚು ಕೊಡುತ್ತದೆ. ಗೇರನ್ನು ಬೇಗ ಬದಲಿಸದೆ ಎಂಜಿನ್ ಕೂಗುವವರೆಗೆ ಹಿಡಿದಿಡುತ್ತದೆ. ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಬಿಗಿಯಾಗುತ್ತದೆ, ಕೆಲವದರಲ್ಲಿ ಸ್ಪೀಕರಿನಿಂದ ಎಂಜಿನ್ನಿನ ಸದ್ದನ್ನೇ ಕೇಳಿಸುತ್ತಾರೆ. ಪೆಡಲನ್ನು ನೆಲಕ್ಕೆ ಒತ್ತಿಬಿಟ್ಟರೆ ಮಾತ್ರ ಎರಡೂ ಮೋಡಿನಲ್ಲಿ ಎಂಜಿನ್ನಿನ ಕಸುವು ಅಷ್ಟೇ. ನಾಳೆ ಬರಬೇಕಾದ ಸಂಬಳವನ್ನು ಇವತ್ತೇ ಕೈಗೆ ಕೊಟ್ಟ ಹಾಗೆ. ಮೊತ್ತ ಅದೇ, ಖುಷಿ ಬೇರೆ. ರೀಮ್ಯಾಪ್ ಮಾಡಿದರೆ ಮೊತ್ತವೇ ಹೆಚ್ಚುತ್ತದೆ. ಹಾಗಾದರೆ ಆ ಹೆಚ್ಚಿನದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ನಾನು ಆವತ್ತು ಕೇಳಲಿಲ್ಲ.

ಕೇಳಿದವರು ಅಪ್ಪ.

ಅಪ್ಪ ಹಾಸನ ಡಿಪೋದಲ್ಲಿ ಬಸ್ಸಿನ ಡ್ರೈವರಾಗಿದ್ದವರು. ಮಂಗಳೂರು ರೂಟಿನಲ್ಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶಿರಾಡಿ ಘಾಟಿ ಹತ್ತಿಳಿದಿದ್ದಾರೆ. ಆ ದೀಪಾವಳಿಗೆ ಧರ್ಮಸ್ಥಳಕ್ಕೆ ಹೊರಟಾಗ ಸಕಲೇಶಪುರ ದಾಟಿದ ಮೇಲೆ "ಇಲ್ಲಿಂದ ನಾನು ತಗೋತೀನಿ" ಅಂದರು. ಲಿವರ್ ಎಸ್‌ನಲ್ಲೇ ಉಳಿದಿತ್ತು. ಅಪ್ಪ ಬಸ್ಸಿನ ಅಭ್ಯಾಸದಂತೆ ಕಾಲನ್ನು ಪೆಡಲಿನ ಮೇಲೆ ಬರೀ ಇಟ್ಟರು. ಕಾರು ನೆಗೆಯಿತು. ಹಿಂದಿನ ಸೀಟಿನಲ್ಲಿ ಅಮ್ಮನ ಮಡಿಲ ಹೂವಿನ ಬುಟ್ಟಿ ಉರುಳಿತು.

"ಇದೇನೋ ಇದು, ನಾನು ಹೇಳೋದಕ್ಕೆ ಮುಂಚೆನೇ ಹೊರಟುಬಿಡುತ್ತೆ?"

ತಮ್ಮ ನಗುತ್ತ ಲಿವರನ್ನು ಡಿಗೆ ತಂದ. ಅಪ್ಪ ಎರಡು ಕಿಲೋಮೀಟರು ಸುಮ್ಮನೆ ಓಡಿಸಿದರು. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಗೇರಿನಲ್ಲೇ ಹಿಡಿದು ಬಂದರು. ನಂತರ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, "ಪಂಪಿನ ಸೀಲ್ ಒಡೆದಿದೀಯೇನೋ?"

ಹಳೆಯ ಡೀಸೆಲ್ ಬಸ್ಸು, ಲಾರಿಗಳಲ್ಲಿ ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪಿರುತ್ತಿತ್ತು. ಅತಿ ಹೆಚ್ಚೆಂದರೆ ಇಷ್ಟೇ ಕೊಡಬೇಕು ಎಂದು ಮಿತಿ ಹಾಕುವ ಒಂದು ಸ್ಕ್ರೂ ಅದಕ್ಕಿತ್ತು. ಆ ಸ್ಕ್ರೂವಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿರುತ್ತಿದ್ದರು. ಕೆಲವು ಲಾರಿಯವರು ಮುದ್ರೆ ಒಡೆದು ಸ್ಕ್ರೂ ತಿರುಗಿಸಿಕೊಳ್ಳುತ್ತಿದ್ದರು. ಹೊರೆ ಹೊತ್ತು ಘಾಟಿಯನ್ನು ನುಗ್ಗಿ ಹತ್ತುತ್ತಿತ್ತು, ಹಿಂದೆ ಕಪ್ಪು ಹೊಗೆ ಬಿಡುತ್ತಿತ್ತು. "ಎಳೆಯೋದೇನೋ ಎಳೆಯುತ್ತೆ. ಆದರೆ ಎಲ್ಲಿಂದ ತಂದು ಎಳೆಯುತ್ತೆ? ತನ್ನ ಆಯಸ್ಸಿಂದಲೇ ತಾನೆ?" ಅಂದರು ಅಪ್ಪ. ಡಿಪೋದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರು ತಂದೆ ಎಂದು ಲೆಕ್ಕ ಕೊಡುತ್ತ ಬದುಕಿದ ಕಾಲು ಅವರದು. ಮಂಗಳೂರು ಮುಟ್ಟುವುದು ಹತ್ತು ನಿಮಿಷ ತಡವಾದರೆ ಅವರಿಗೆ ಬೇಸರವಿರಲಿಲ್ಲ, ಎಂಜಿನ್ ಕೂಗಿದರೆ ಬೇಸರವಾಗುತ್ತಿತ್ತು.

"ಇದರಲ್ಲಿ ಅಂಥ ಸೀಲೇ ಇಲ್ಲ ಅಪ್ಪ" ಅಂದ ತಮ್ಮ. ಅಕ್ಷರಶಃ ನಿಜ. ಕಾಲು ಚಾಚಿ ಕುಳಿತಿದ್ದ ನಾನು ಕಿಟಕಿಯಾಚೆಗೆ ಮುಖ ಮಾಡಿದೆ. ಅದು ಎರಡನೆಯ ಸಲ ಸುಮ್ಮನಿದ್ದದ್ದು.

ಎಲ್ಲಿಂದ ತಂದು ಎಳೆಯುತ್ತದೆ ಎಂಬ ಪ್ರಶ್ನೆ ಮಾತ್ರ ನನ್ನ ಜೊತೆ ಮೈಸೂರಿಗೆ ಬಂತು. ಅಧ್ಯಾಯ ಬರೆಯುವುದನ್ನು ಮುಂದೂಡಲು ಸಂಶೋಧನಾ ವಿದ್ಯಾರ್ಥಿಗಳಿಗೆ ಯಾವ ವಿಷಯವಾದರೂ ಆಗುತ್ತದೆ. ನಾನು ರಾತ್ರಿಗಳಲ್ಲಿ ಎಂಜಿನ್ನಿನ ಬಗ್ಗೆ ಓದತೊಡಗಿದೆ. ಕಾರು ತಯಾರಿಸುವವರು ಒಂದೇ ಕಾರನ್ನು ರಾಜಸ್ಥಾನದ ಬಿಸಿಲಿಗೂ ಲಡಾಖಿನ ತೆಳು ಗಾಳಿಗೂ ಮಾರಬೇಕು. ಕೊಂಡವರು ಒಳ್ಳೆಯ ಪೆಟ್ರೋಲ್ ಹಾಕುತ್ತಾರೆಂಬ ಭರವಸೆ ಇಲ್ಲ. ನಮ್ಮ ದೇಶದ ಸಾಧಾರಣ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಬಹುಕಾಲ 91 ಇತ್ತು. ಸರ್ವಿಸ್ ತಪ್ಪಿಸುವವರು, ಆಯಿಲ್ ಬದಲಿಸದವರು, ಐದು ಜನರ ಕಾರಿಗೆ ಎಂಟು ಜನ ಹತ್ತುವವರು, ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎಂಜಿನ್ನಿನ ಕೈಲಾಗುವುದಕ್ಕಿಂತ ಕೆಳಗೇ ಗೆರೆ ಎಳೆದಿರುತ್ತಾರೆ. ರೀಮ್ಯಾಪ್ ಕೈ ಹಾಕುವುದು ಆ ಗೆರೆಯ ಮೇಲೆ ಉಳಿಸಿದ ಜಾಗಕ್ಕೆ.

ಒಳ್ಳೆಯ ಟ್ಯೂನರ್ ಆ ಜಾಗವನ್ನೆಲ್ಲ ಬಾಚಿಕೊಳ್ಳುವುದಿಲ್ಲ, ಸ್ವಲ್ಪ ಬಿಡುತ್ತಾರೆ. ಅದಕ್ಕೇ ಅವರು ಪೆಟ್ರೋಲ್ ಯಾವುದೆಂದು ಕೇಳಿದ್ದು. ಟರ್ಬೊ ಹೆಚ್ಚು ಗಾಳಿ ತುಂಬಿ, ಕಿಡಿಯನ್ನು ಸ್ವಲ್ಪ ಮುಂಚೆಯೇ ಹಾರಿಸಿದರೆ ಹೆಚ್ಚು ಶಕ್ತಿ ಬರುತ್ತದೆ ನಿಜ. ಆದರೆ ಪೆಟ್ರೋಲಿನ ಆಕ್ಟೇನ್ ಸಾಲದಿದ್ದರೆ ಸಿಲಿಂಡರಿನ ಒಳಗೆ ಇನ್ನೂ ಉರಿಯದೆ ಉಳಿದ ಮಿಶ್ರಣ ಬಿಸಿಗೆ, ಒತ್ತಡಕ್ಕೆ ತನ್ನಷ್ಟಕ್ಕೇ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು. ಎಂಜಿನ್ನಿನ ಮೈಗೆ ಕಿವಿಯಂತೆ ಅಂಟಿಸಿದ ಒಂದು ಸೆನ್ಸರ್ ಅದನ್ನು ಕೇಳಿಸಿಕೊಂಡು ಇಸಿಯುವಿಗೆ ಹೇಳುತ್ತದೆ, ಇಸಿಯು ಕಿಡಿಯನ್ನು ತಡಮಾಡಿ ಸಂಭಾಳಿಸುತ್ತದೆ. ಮತ್ತೆ ಮತ್ತೆ ಸಂಭಾಳಿಸಬೇಕಾಗಿ ಬಂದರೆ ಪೆಟ್ಟು ಬೀಳುವುದು ಪಿಸ್ಟನ್ನಿನ ಮೇಲೆ. ತಮ್ಮ 95 ಎಂದು ಹೇಳಿದ ಒಂದು ಸಣ್ಣ ಸುಳ್ಳನ್ನು ಅವನ ಎಂಜಿನ್ನು ದಿನವೂ ಸರಿದೂಗಿಸುತ್ತಿತ್ತು.

ಆ ಓದಿನಲ್ಲೇ ನನಗೆ ಹೇಮಂತ್ ಕಪ್ಪಣ್ಣ ಅವರ ಹೆಸರು ಸಿಕ್ಕಿದ್ದು. ಬೆಂಗಳೂರಿನವರು, ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದವರು. 2013ರಲ್ಲಿ ಅವರಿದ್ದ ಸಣ್ಣ ತಂಡ ಮೂರು ಡೀಸೆಲ್ ಕಾರುಗಳ ಹೊಗೆಯನ್ನು ಪ್ರಯೋಗಾಲಯದಲ್ಲಿ ಅಳೆದದ್ದಲ್ಲದೆ, ಅಳೆಯುವ ಯಂತ್ರವನ್ನು ಡಿಕ್ಕಿಯಲ್ಲಿಟ್ಟುಕೊಂಡು ರಸ್ತೆಯ ಮೇಲೂ ಅಳೆಯಿತು. ಪ್ರಯೋಗಾಲಯದಲ್ಲಿ ನಿಯಮ ಪಾಲಿಸುತ್ತಿದ್ದ ಎರಡು ಫೋಕ್ಸ್‌ವ್ಯಾಗನ್ ಕಾರುಗಳು ರಸ್ತೆಗಿಳಿದರೆ ಮಿತಿಯನ್ನು ಎಷ್ಟೋ ಪಟ್ಟು ಮೀರಿ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು; ಒಂದರಲ್ಲಿ ಅದು 35 ಪಟ್ಟಿನವರೆಗೂ ಹೋಗಿತ್ತು. ಕಾರಿನ ಸಾಫ್ಟ್‌ವೇರಿಗೆ ಈಗ ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂಬುದು ತಿಳಿಯುತ್ತಿತ್ತು. ಪರೀಕ್ಷೆಗೆ ಒಂದು ಮುಖ, ರಸ್ತೆಗೆ ಇನ್ನೊಂದು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಬಹಿರಂಗಪಡಿಸಿತು. ಅಂಥ ಸಾಫ್ಟ್‌ವೇರ್ ಲೋಕದಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು ಎಂದು ಕಂಪನಿಯೇ ಒಪ್ಪಿಕೊಂಡಿತು.

ನನಗೆ ಆ ಕಥೆಯಲ್ಲಿ ಇಷ್ಟವಾದದ್ದು ದೊಡ್ಡ ಕಂಪನಿ ಸಿಕ್ಕಿಬಿದ್ದದ್ದಲ್ಲ. ಕೆಲವರು ಪಿಎಚ್.ಡಿ. ಹುಡುಗರು ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಕೊಳವೆ ಸಿಕ್ಕಿಸಿಕೊಂಡು, ಅಂಕಿ ತಾಳೆಯಾಗಲಿಲ್ಲ ಎಂದು ಮತ್ತೆ ಮತ್ತೆ ಅಳೆದರಲ್ಲ, ಅದು. ತಮ್ಮ ಯಂತ್ರವೇ ಕೆಟ್ಟಿದೆಯೇನೋ ಎಂದು ಮೊದಲು ತಮ್ಮನ್ನೇ ಅನುಮಾನಿಸುವುದು ನಮ್ಮ ಜಾತಿಯ ಲಕ್ಷಣ.

ಕಳೆದ ವರ್ಷ ತಮ್ಮನಿಗೆ ಮದುವೆ ಗೊತ್ತಾಯಿತು. ದೊಡ್ಡ ಕಾರು ಬೇಕು, ಇದನ್ನು ಮಾರಬೇಕು ಎಂದ. ಕೊಳ್ಳುವವರು ದೂರದವರಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅಪ್ಪನ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮಾಮ ತಮ್ಮ ಮಗನಿಗೆ ಮೊದಲ ಕಾರು ಹುಡುಕುತ್ತಿದ್ದರು. "ನಿಮ್ಮನೆ ಗಾಡಿ ಅಂದಮೇಲೆ ನೋಡೋದೇನಣ್ಣ" ಎಂದು ಫೋನಿನಲ್ಲೇ ಅಪ್ಪನಿಗೆ ಹೇಳಿಬಿಟ್ಟರು.

ತಮ್ಮ ಅದೇ ಗ್ಯಾರೇಜಿಗೆ ಹೋಗಿ ಮೂಲ ಫೈಲನ್ನು ಮತ್ತೆ ಬರೆಸಿಕೊಂಡು ಬಂದ. "ಎಲ್ಲ ಮೊದಲಿನ ಹಾಗೇ ಆಯ್ತು ಅಕ್ಕ. ಕಂಟ್ರೋಲ್ ಜೆಡ್" ಅಂದ ಫೋನಿನಲ್ಲಿ.

"ಮಾಮನಿಗೆ ಹೇಳಿದೀಯಾ?"

"ಏನಂತ ಹೇಳ್ಲಿ? ಈಗ ಅದರಲ್ಲಿ ಏನೂ ಇಲ್ವಲ್ಲ."

ಇಷ್ಟು ದಿನ ಓದಿದ್ದು ಆಗ ಬಾಯಿಗೆ ಬಂತು. ಅಂಕಿಗಳು ಹಿಂದಕ್ಕೆ ಹೋಗುತ್ತವೆ, ಲೋಹ ಹೋಗುವುದಿಲ್ಲ. ಮೂವತ್ತು ಸಾವಿರ ಕಿಲೋಮೀಟರು ಹೆಚ್ಚಿನ ತಿರುಚುಬಲ ಹೊತ್ತ ಕ್ಲಚ್ಚು ಹಾಗೇ ಇರುವುದಿಲ್ಲ. ಎರಡನೇ ಗೇರಿಗೆ ಬೀಳುವಾಗ ಸಣ್ಣ ನಡುಕ ಶುರುವಾಗಿದೆ ಎಂದು ನೀನೇ ಹೇಳಿದ್ದೆಯಲ್ಲ? ಎಷ್ಟೋ ಕಾರುಗಳ ಇಸಿಯು ತನ್ನನ್ನು ಎಷ್ಟು ಸಲ ತಿದ್ದಿ ಬರೆದರು ಎಂಬುದನ್ನೂ ಎಣಿಸಿಟ್ಟುಕೊಳ್ಳುತ್ತದೆ. ನಾಳೆ ಆ ಹುಡುಗ ವಾರಂಟಿಗೆ ಹೋದಾಗ ಅವರು ಅದನ್ನು ತೆಗೆದು ತೋರಿಸಿದರೆ? ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಡಿವಾಣ ಹಾಕಿದೆ. ವಿಮೆಯವರಿಗೂ ನೀನು ಹೇಳಿರಲಿಲ್ಲ.

ಅವನು ಎಲ್ಲ ಕೇಳಿಸಿಕೊಂಡು ಹೇಳಿದ, "ನಿನ್ನ ಓಲೆಗರೀಲಿ ನೀನು ಒಂದಕ್ಷರ ತಪ್ಪು ಓದಿದರೆ ಯಾರ ಗಾಡೀನೂ ಘಾಟೀಲಿ ನಿಲ್ಲಲ್ಲ ಅಕ್ಕ. ನಿಂಗೆ ಹೇಳೋದು ಸುಲಭ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೂತಿದ್ದೆ. ಅವನ ಮಾತು ನಾಟಿದ್ದು ಅವನು ಅಂದುಕೊಂಡ ಜಾಗಕ್ಕಲ್ಲ.

ನನ್ನ ಕಾವ್ಯದ ಎರಡನೆಯ ಸಂಧಿಯಲ್ಲಿ ಒಂದು ಪದ್ಯವಿದೆ. ಅದರ ಮೂರನೆಯ ಸಾಲಿನಲ್ಲಿ ಒಂದು ಗಣ ಕಡಿಮೆ. ಕ, ಖ, ಗ ಮೂರರಲ್ಲೂ ಕಡಿಮೆ. ಎಲ್ಲವೂ ಬಹುಶಃ ಒಂದೇ ಮೂಲದಿಂದ ಬಂದ ನಕಲುಗಳು. ಆ ಮೂಲದಲ್ಲೇ ಗರಿ ಮುರಿದಿರಬೇಕು. ಒಂದು ರಾತ್ರಿ ಟೈಪ್ ಮಾಡುತ್ತ ನನಗೆ ಒಂದು ಪದ ಹೊಳೆಯಿತು. ಛಂದಸ್ಸಿಗೂ ಕೂತಿತು, ಅರ್ಥಕ್ಕೂ ಕೂತಿತು. ಸಂಪಾದಕರು ಹೀಗೆ ಸೇರಿಸಿದ್ದನ್ನು ಚೌಕ ಕಂಸದೊಳಗೆ ಹಾಕಿ ಅಡಿಟಿಪ್ಪಣಿಯಲ್ಲಿ ಹೇಳಬೇಕು. ಬೆಳಿಗ್ಗೆ ಹಾಕೋಣ ಎಂದುಕೊಂಡೆ. ಬೆಳಿಗ್ಗೆ ಮರೆತೆ. ಕೆಲವು ತಿಂಗಳ ನಂತರ ವಿಚಾರಸಂಕಿರಣವೊಂದರಲ್ಲಿ ಆ ಪದ್ಯವನ್ನು ಓದಿದೆ. ಸಭೆಯ ಹಿರಿಯರೊಬ್ಬರು ಎದ್ದು ನಿಂತು, ಆ ಕವಿಯ ಕಸುವು ಕಾಣುವುದು ಇದೇ ಸಾಲಿನಲ್ಲಿ ನೋಡಿ ಎಂದು, ನಾನು ಸೇರಿಸಿದ ಪದವನ್ನೇ ಎತ್ತಿ ಹೊಗಳಿದರು. ನಾನು ಕೈಮುಗಿದೆ. ಅದಾದ ಮೇಲೆ ಕಂಸ ಹಾಕದೆ ಇದ್ದದ್ದು ಮರೆವಿನಿಂದಲ್ಲ.

ಓಲೆ ಬರೆದ ಲಿಪಿಕಾರನಿಗೆ ಉಸಿರಾಡಲು ಬಿಟ್ಟ ಖಾಲಿ ಜಾಗವನ್ನು ನಾನು ಶಕ್ತಿಯಾಗಿ ಪರಿವರ್ತಿಸಿಕೊಂಡಿದ್ದೆ. ಸಾಲು ಈಗ ಚೆನ್ನಾಗಿ ಎಳೆಯುತ್ತಿತ್ತು. ಲೆಕ್ಕವೂ ತಾಳೆಯಾಗುತ್ತಿತ್ತು.

ಮರುದಿನ ತಮ್ಮನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಬುದ್ಧಿ ಹೇಳಲೆಂದಲ್ಲ, ಬೇರೆ ಯಾರಿಗೂ ಹೇಳುವ ಧೈರ್ಯ ಇರಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕ. "ಅಕ್ಕ, ಹಾಗಾದ್ರೆ ನೀನೂ ಸ್ಟೇಜ್ ಒನ್ನಾ?"

"ಹೂಂ ಕಣೋ" ಅಂದೆ. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವನೇ ಕೇಳಿದ, "ನೀನು ಯಾವಾಗ ಹೇಳ್ತೀಯ?" ಸೋಮವಾರ ಮೇಷ್ಟರು ಸಿಗುತ್ತಾರೆ ಎಂದೆ. ಮಾಮ ಭಾನುವಾರ ಬರುತ್ತಾರೆ ಎಂದ ಅವನು.

ಆ ಭಾನುವಾರ ನಾನೂ ಹಾಸನಕ್ಕೆ ಹೋದೆ. ಜಗಲಿಯ ಮೇಲೆ ಕಾಫಿ ಕುಡಿಯುತ್ತ ಮಾಮ ಕಾರನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಅವರ ಮಗ ಮಾತ್ರ ಸುತ್ತು ಹಾಕುತ್ತಿದ್ದ. ತಮ್ಮ ಫೈಲ್ ತಂದು ಡೈನೊ ಕಾಗದವನ್ನು ಮುಂದಿಟ್ಟು ಶುರುಮಾಡಿದ. ಇಸಿಯು ಅಂದ, ಮ್ಯಾಪ್ ಅಂದ, ಫ್ಲ್ಯಾಶ್ ಅಂದ, ಟಾರ್ಕ್ ಅಂದ. ಮಾಮ ಕಾಗದದ ಎರಡು ಗೆರೆಗಳನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಅರ್ಥವಾಗದೆ ಅಪ್ಪನ ಮುಖ ನೋಡಿದರು.

ಅಪ್ಪ ಲೋಟ ಕೆಳಗಿಟ್ಟರು. "ಪಂಪಿನ ಸೀಲ್ ಒಡೆದಿದ್ದ. ಈಗ ಮತ್ತೆ ಹಾಕಿಸಿದಾನೆ" ಅಂದರು.

ಮಾಮನಿಗೆ ತಟ್ಟನೆ ತಿಳಿಯಿತು. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಧರ್ಮಸ್ಥಳದ ದಾರಿಯಲ್ಲಿ ಅಪ್ಪ ಕೇಳಿದ ಪ್ರಶ್ನೆ, ತಮ್ಮ ಕೊಟ್ಟ ಉತ್ತರ, ನಾನು ಕಿಟಕಿಯಾಚೆ ನೋಡಿದ್ದು ಎಲ್ಲವೂ ಆ ಮೌನದಲ್ಲಿ ಬಂದು ಕೂತಂತಾಯಿತು. ಕೊನೆಗೆ ಮಾಮ, "ಕ್ಲಚ್ಚು ಒಂದು ಸಲ ತೋರಿಸಿಬಿಡೋಣ ಅಣ್ಣ" ಅಂದರು. ತೋರಿಸಿದರು. ಪ್ಲೇಟುಗಳು ಸವೆದಿದ್ದವು, ಬದಲಿಸುವುದೇ ಒಳ್ಳೆಯದು ಎಂದರು. ಬೆಲೆಯಲ್ಲಿ ಎಪ್ಪತ್ತು ಸಾವಿರ ಇಳಿಸಿಕೊಂಡು ಕಾರು ಕೈ ಬದಲಾಯಿತು. ಕೀ ತೆಗೆದುಕೊಳ್ಳುವಾಗ ಮಾಮನ ಮಗ ತಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು: "ಅಣ್ಣ, ಆ ಇನ್ನೊಂದು ಫೈಲು ಇದೆಯಾ?" ತಮ್ಮ ಏನು ಹೇಳಿದನೋ ಕೇಳಿಸಲಿಲ್ಲ. ಕೇಳಿಸಿಕೊಳ್ಳಲೂ ಹೋಗಲಿಲ್ಲ.

ಸೋಮವಾರ ಮೇಷ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಸಾಲನ್ನು ಎರಡು ಸಲ ಓದಿ, "ಪದವೇನೋ ಚೆನ್ನಾಗಿದೆ. ಅಡಿಟಿಪ್ಪಣಿಯಲ್ಲಿ ನಿಮ್ಮ ಊಹೆ ಅಂತ ಬರೆಯಿರಿ. ಮೇಲೆ ಮುರಿದದ್ದು ಮುರಿದ ಹಾಗೇ ಇರಲಿ" ಅಂದರು. ಅವತ್ತು ಹೊಗಳಿದ ಹಿರಿಯರಿಗೂ ಒಂದು ಪತ್ರ ಬರೆದೆ. ಉತ್ತರ ಬಂದಿಲ್ಲ. ಈಗ ನನ್ನ ಪ್ರತಿಯ ಆ ಸಾಲಿನಲ್ಲಿ ಮೂರು ಚುಕ್ಕಿಗಳಿವೆ. ಓದುವಾಗ ಅಲ್ಲಿ ನಾಲಿಗೆ ಎಡವುತ್ತದೆ.

ಅಪ್ಪ ತಮ್ಮನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವನು ಬೆಂಗಳೂರಿಗೆ ಬಸ್ಸಿನಲ್ಲಿ ಹೊರಟ. ಬಿಡಲು ಸ್ಟ್ಯಾಂಡಿಗೆ ಬಂದ ಅಪ್ಪ ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ಹೋಗಿ, ಸುತ್ತಮುತ್ತ ಯಾರಾದರೂ ಡಿಪೋದವರು ಇದ್ದಾರಾ ಎಂದು ನೋಡಿಕೊಂಡು ಕೇಳಿದರಂತೆ:

"ಲೋ, ಮಾರನಹಳ್ಳಿ ತಿರುವು ಮೂರನೇ ಗೇರಲ್ಲೇ ಹತ್ತುತ್ತಿತ್ತೇನೋ?"